ಡಿಶ್ ವೈರಿನ ತುದಿಯಲ್ಲಿ ಕಂಡ ಬಾವಿ

ನಮ್ಮ ನಿಂಬೆ ತೋಟದ ಬಾವಿಯಲ್ಲಿ ಮೋಟರ್ ಕಳಚಿ ತಳ ಸೇರಿದ್ದು ಒಂದು ಸೋಮವಾರ ಬೆಳಿಗ್ಗೆ. ಪೈಪಿನ ಜೋಡಣೆ ಸೀಳಿತ್ತು. ಮೋಟರಿಗೆ ಕಟ್ಟಿದ್ದ ನೈಲಾನ್ ಹಗ್ಗ ಬಿಸಿಲಿಗೆ ಜೀರ್ಣವಾಗಿ, ಮುಟ್ಟಿದರೆ ಎಳೆಎಳೆಯಾಗಿ ಉದುರುತ್ತಿತ್ತು. ನಾನು ಬಟ್ಟೆ ಒಣಹಾಕಲು ಹೊರಗೆ ಬಂದಾಗ ಗಿಡಗಳ ನಡುವಿನ ಕಾಲುವೆಯಲ್ಲಿ ನೀರು ನಿಂತುಹೋಗಿ, ಒದ್ದೆ ಮಣ್ಣಿನ ಮೇಲೆ ಸಣ್ಣ ಸಣ್ಣ ಗುಳ್ಳೆಗಳು ಒಡೆಯುತ್ತಿದ್ದವು. ಇಂಡಿಯಿಂದ ಹೊರ್ತಿಗೆ ಹೋಗುವ ಹಾದಿಯಲ್ಲಿ ನಮ್ಮ ತೋಟ, ಮನೆಯೂ ಅಲ್ಲೇ. ಆ ವರ್ಷ ಮಳೆ ಚೆನ್ನಾಗಿ ಆಗಿತ್ತು. ದಂಡೆಯಿಂದ ಎಂಟು ಅಡಿಗೇ ನೀರು ಸಿಗುತ್ತಿತ್ತು, ನೀರಿನ ಆಳ ಇಪ್ಪತ್ತೈದು ಅಡಿಗೆ ಕಮ್ಮಿಯಿರಲಿಲ್ಲ.

ಅಷ್ಟು ಆಳಕ್ಕೆ ಮುಳುಗಿ, ಬಿದ್ದ ಮೋಟರಿಗೆ ಸರಪಳಿ ಕಟ್ಟಿ ಬರುವವರು ನಮಗೆ ಗೊತ್ತಿದ್ದಂತೆ ಒಬ್ಬರೇ ಉಳಿದಿದ್ದಾರೆ. ತಾಳಿಕೋಟೆ ಕಡೆಯ ಚಾಚಾ. ವಯಸ್ಸು ಅರವತ್ತು ದಾಟಿದೆ. ಸೊಂಟಕ್ಕೆ ಹಗ್ಗ, ಕೈಯಲ್ಲಿ ಒಂದು ಗುಂಡುಕಲ್ಲು. ಕಲ್ಲಿನ ಭಾರಕ್ಕೆ ಸರ್ರನೆ ತಳಕ್ಕೆ ಹೋಗುತ್ತಾರೆ, ಕಲ್ಲು ಬಿಟ್ಟು ಕೈಯಿಂದ ತಡವಿ ಹುಡುಕುತ್ತಾರೆ, ಉಸಿರು ಮುಗಿಯುತ್ತ ಬಂದಾಗ ಹಗ್ಗ ಜಗ್ಗುತ್ತಾರೆ. ಮೇಲೆ ಆ ಹಗ್ಗ ಹಿಡಿದು ಕೂರುವವರು ಅವರ ಹೆಂಡತಿ, ಚಾಚಿ. ಇನ್ನೊಬ್ಬರ ಕೈಗೆ ಅದನ್ನು ಕೊಡುವುದಿಲ್ಲ. ಎರಡು ವರ್ಷದ ಹಿಂದೆ ಅವರು ನಮ್ಮ ಬಾವಿಗೆ ಬಂದಿದ್ದರು. ಹದಿನಾಲ್ಕು ಸಲ ಮುಳುಗಿದರು. ಹದಿನಾಲ್ಕನೆಯ ಸಲ ಮೇಲೆ ಬಂದು ದಂಡೆಗೆ ಒರಗಿದಾಗ ಅವರ ಮೂಗಿನಿಂದ ರಕ್ತ ಬಂತು. ಬಿಳಿ ಕಲ್ಲಿನ ಮೇಲೆ ಮೂರು ಹನಿ. ಚಾಚಿ ಸೆರಗಿನಿಂದ ಮೊದಲು ಕಲ್ಲನ್ನು ಒರೆಸಿದರು, ಆಮೇಲೆ ಗಂಡನ ಮೂಗನ್ನು. ಬಾವಿಯ ಮನೆಯವರು ನೋಡಿ ಬೇಜಾರು ಮಾಡಿಕೊಂಡಾರು ಎಂಬ ಆ ಅವಸರ ನನ್ನ ಕಣ್ಣಿನಿಂದ ಹೋಗಿರಲಿಲ್ಲ.

ಈ ಸಲವೂ ಅವರಿಗೇ ಫೋನ್ ಹೋಯಿತು. ಸಿಂದಗಿ ಹತ್ತಿರ ಒಂದು ಬಾವಿಯ ಕೆಲಸದಲ್ಲಿದ್ದರು, ಬುಧವಾರ ಬರುತ್ತೇವೆ ಎಂದರು. ನನಗೆ ತೋಚಿದ್ದು ಒಂದೇ. ಮೋಟರ್ ಯಾವ ಮೂಲೆಯಲ್ಲಿ ಬಿದ್ದಿದೆ ಎಂದು ಮೊದಲೇ ತಿಳಿದರೆ ಹದಿನಾಲ್ಕು ಸಲ ಮುಳುಗುವುದು ತಪ್ಪುತ್ತದೆ, ಎರಡು ಸಲಕ್ಕೆ ಮುಗಿಯುತ್ತದೆ.

ಬಸವನ ಬಾಗೇವಾಡಿಯಲ್ಲಿ ಮಾಸ್ತರಾಗಿರುವ ನನ್ನ ತಮ್ಮ ಬೈಕಿನ ಹೆಲ್ಮೆಟ್ಟಿಗೆ ಸಿಕ್ಕಿಸುವ ಸಣ್ಣ ಕ್ಯಾಮೆರಾ ಒಂದನ್ನು ಕೊಂಡಿದ್ದ. ಬೆಂಕಿಪೆಟ್ಟಿಗೆಗಿಂತ ಸ್ವಲ್ಪ ದೊಡ್ಡದು. ಹಿಂದಿನ ಭಾನುವಾರ ಬಂದವನು ಅದನ್ನು, ಅದರ ನೀರು ಹೋಗದ ಪಾರದರ್ಶಕ ಪೆಟ್ಟಿಗೆಯ ಸಮೇತ, ನಮ್ಮಲ್ಲೇ ಮರೆತು ಹೋಗಿದ್ದ. ಅದು ಮೊಬೈಲಿಗೆ ವೈಫೈ ಮೂಲಕ ಚಿತ್ರ ಕಳಿಸುತ್ತದೆ ಎಂಬುದು ಗೊತ್ತಿತ್ತು. ಪೆಟ್ಟಿಗೆಯೊಳಗಿದ್ದ ಇಂಗ್ಲಿಷ್ ಪುಸ್ತಿಕೆ ಬಿಡಿಸಿಕೊಂಡು ಸೋಮವಾರ ಸಂಜೆ ಅಡುಗೆಮನೆಯ ಕಟ್ಟೆಯ ಮೇಲೆ ಕೂತೆ. ಕಾನ್ವೆಂಟಿನಲ್ಲಿ ಓದಿದ್ದು ಇಷ್ಟು ವರ್ಷಕ್ಕೆ ಒಲೆಯ ಹತ್ತಿರ ಕೆಲಸಕ್ಕೆ ಬಂತು.

ಮೊದಲು ಮೊಬೈಲಿನಲ್ಲಿ ಅದರ ಆ್ಯಪ್ ಇಳಿಸಿಕೊಂಡೆ. ಕ್ಯಾಮೆರಾದ ಪಕ್ಕದ ಗುಂಡಿಯನ್ನು ಒತ್ತಿ ಹಿಡಿದಾಗ ನೀಲಿ ದೀಪ ಮಿಣುಕಿತು. ಹಿಂಬದಿಯ ಪುಟ್ಟ ಪರದೆಯಲ್ಲಿ ಅದರದೇ ವೈಫೈ ಹೆಸರು, ಕೆಳಗೆ ಪಾಸ್‌ವರ್ಡ್. ಮೊಬೈಲಿನಲ್ಲಿ ಆ ಹೆಸರು ಹುಡುಕಿ ಪಾಸ್‌ವರ್ಡ್ ಹೊಡೆದೆ. ತಪ್ಪು ಎಂದಿತು. ಮತ್ತೆ ಹೊಡೆದೆ, ಮತ್ತೆ ತಪ್ಪು. ನಾನು ಸೊನ್ನೆ ಅಂದುಕೊಂಡದ್ದು ‘ಓ’ ಅಕ್ಷರವೆಂದು ಕನ್ನಡಕ ಹಾಕಿಕೊಂಡ ಮೇಲೆ ತಿಳಿಯಿತು. ಸರಿ, ಸೇರಿತು. ಅರ್ಧ ನಿಮಿಷಕ್ಕೆ ಮತ್ತೆ ಬಿಟ್ಟುಹೋಯಿತು. ಕ್ಯಾಮೆರಾದ ವೈಫೈಗೆ ಇಂಟರ್ನೆಟ್ ಇರುವುದಿಲ್ಲ, ಮೊಬೈಲು ಅದನ್ನು ಕೆಲಸಕ್ಕೆ ಬಾರದ್ದೆಂದು ಬಿಟ್ಟು ಸಿಮ್ಮಿನ ನೆಟ್ಟಿಗೆ ಓಡಿಹೋಗುತ್ತಿತ್ತು. ಮೊಬೈಲ್ ಡೇಟಾ ಬಂದ್ ಮಾಡಿ, ‘ಇದೇ ಸಂಪರ್ಕದಲ್ಲಿ ಇರಲೇ?’ ಎಂದು ಕೇಳಿದ್ದಕ್ಕೆ ಹೂಂ ಎಂದು ಒತ್ತಿದ ಮೇಲೆ ಗಟ್ಟಿಯಾಗಿ ನಿಂತಿತು. ಮೂರು ನಿಮಿಷ ಸುಮ್ಮನಿದ್ದರೆ ಕ್ಯಾಮೆರಾ ತಾನೇ ಮಲಗಿಬಿಡುತ್ತಿತ್ತು. ಅದನ್ನೂ ಸೆಟ್ಟಿಂಗಿನಲ್ಲಿ ಹುಡುಕಿ ತೆಗೆದೆ.

ಪರದೆಯಲ್ಲಿ ನಮ್ಮ ಅಡುಗೆಮನೆ ಬಂತು. ರೊಟ್ಟಿ ಬಡಿಯುತ್ತಿದ್ದ ಅತ್ತೆ ಬಂದು ಇಣುಕಿದರು.

“ಈ ಮುದುಕಿ ಯಾರು?”

“ನೀವ ಅದೀರಿ, ಅತ್ತಿ.”

“ಅಯ್ಯ ಶಿವನ, ನನ್ನ ಬೆನ್ನ ಇಷ್ಟ ಬಗ್ಗೇತೇನ? ಒಬ್ಬರೂ ಹೇಳಿಲ್ಲ ನೋಡು ನನಗ!”

ಮಂಗಳವಾರ ಬೆಳಿಗ್ಗೆ ಕ್ಯಾಮೆರಾವನ್ನು ಪೆಟ್ಟಿಗೆಯಲ್ಲಿಟ್ಟು, ಹಗ್ಗ ಕಟ್ಟಿ ನಮ್ಮ ಮನೆಯವರ ಕೈಗೆ ಕೊಟ್ಟೆ. ಅವರು ದಂಡೆಯಿಂದ ಬಿಟ್ಟರು, ನಾನು ಮೊಬೈಲು ನೋಡುತ್ತ ನಿಂತೆ. ನೀರಿನ ಮೇಲೆ ತೇಲುತ್ತಿದ್ದ ನಿಂಬೆ ಎಲೆ, ಅದರ ಅಂಚಿಗೆ ಕೂತ ಒಂದು ಇರುವೆ ಎಷ್ಟು ಚೆನ್ನಾಗಿ ಕಂಡವೆಂದರೆ ನಾನು ನಕ್ಕೆ. ಕ್ಯಾಮೆರಾ ನೀರಿಗೆ ಒಂದು ಗೇಣು ಇಳಿಯಿತು. ಚಿತ್ರ ಅಲ್ಲೇ ನಿಂತಿತು. ಎಲೆ ಅಲುಗಲಿಲ್ಲ, ಇರುವೆ ನಡೆಯಲಿಲ್ಲ. ಆಮೇಲೆ ಪರದೆ ಪೂರ್ತಿ ಕಪ್ಪು.

“ಎಳೀರಿ, ಎಳೀರಿ ಮ್ಯಾಲ!” ಎಂದು ಕೂಗಿದೆ. ತಮ್ಮನ ಸಾಮಾನು ಹಾಳಾಯಿತೆಂದೇ ತಿಳಿದೆ. ಮೇಲೆ ಬಂದ ಕ್ಯಾಮೆರಾದ ನೀಲಿ ದೀಪ ಆರಾಮಾಗಿ ಮಿಣುಕುತ್ತಿತ್ತು. ಮೊಬೈಲಿನಲ್ಲಿ ಮತ್ತೆ ಚಿತ್ರ ಬಂತು. ಇಳಿಸಿದರೆ ಮತ್ತೆ ಕಪ್ಪು. ತಮ್ಮನಿಗೆ ಫೋನ್ ಹಚ್ಚಿದೆ.

“ಅಕ್ಕಾ, ನೀರಾಗ ವೈಫೈ ಹೋಗಂಗಿಲ್ಲ. ಸಾಲ್ಯಾಗ ವಿಜ್ಞಾನ ಕಲಿಸೂವಾಗ ನೀ ಹಿಂದಿನ ಬೆಂಚಿನ ಮ್ಯಾಲ ಹುಣಸಿಕಾಯಿ ತಿಂತಿದ್ದೆಲ್ಲ, ಅದಕ್ಕ.”

“ಕ್ಯಾಮೆರಾ ನಿಂದು, ಈಗ ಬಾವಿ ದಂಡಿ ಮ್ಯಾಲ ಐತಿ. ನೋಡಿ ಮಾತಾಡು.”

ಅವನ ದನಿ ಇಳಿಯಿತು. ಆಮೇಲೆ ಮೆತ್ತಗೆ ಹೇಳಿದ. ಸುಮ್ಮನೆ ರೆಕಾರ್ಡಿಗೆ ಹಾಕಿ ಇಳಿಸಿ, ಮೇಲೆ ತಂದು ನೋಡಬಹುದು. ಹಾಗೆಯೇ ಮಾಡಿದೆವು. ಹತ್ತು ನಿಮಿಷದ ಚಿತ್ರದಲ್ಲಿ ಕ್ಯಾಮೆರಾ ಗಿರಗಿರನೆ ತಿರುಗಿ ಬರೀ ಪಾಚಿಗಟ್ಟಿದ ಕಲ್ಲು, ಮತ್ತೆ ಕಲ್ಲು. ಕಣ್ಣು ಕಟ್ಟಿಕೊಂಡು ಸೂಜಿಗೆ ದಾರ ಪೋಣಿಸಿದ ಹಾಗೆ. ಮಧ್ಯಾಹ್ನದ ಬಿಡುವಿನಲ್ಲಿ ತಮ್ಮನೇ ಮತ್ತೆ ಫೋನ್ ಮಾಡಿದ. “ಅಕ್ಕಾ, ಮೀನ ಹಿಡಿಯೂ ಮಂದಿ ಒಂದು ಯುಕ್ತಿ ಮಾಡ್ತಾರಂತ. ಡಿಶ್ ಟೀವಿ ವೈರ್ ಐತೇನ ಮನ್ಯಾಗ?”

ಮಾಳಿಗೆಯ ಮೇಲೆ ಹಳೆಯ ಡಿಶ್ ಬಿಚ್ಚಿದಾಗಿನಿಂದ ಎಪ್ಪತ್ತು ಅಡಿ ಕಪ್ಪು ವೈರು ಹಾವಿನ ಹಾಗೆ ಸುತ್ತಿಕೊಂಡು ಬಿದ್ದಿತ್ತು. ಅವನು ಹೇಳಿದಂತೆ ಎರಡೂ ತುದಿಯಲ್ಲಿ ಮೇಲಿನ ಕರಿ ಸಿಪ್ಪೆ, ಅದರೊಳಗಿನ ತಂತಿಯ ಜಾಳಿಗೆ, ಆಮೇಲಿನ ಬಿಳಿ ಪದರ ಹೆರೆದು, ನಡುವಿನ ತಾಮ್ರದ ಎಳೆಯನ್ನು ಮೂರು ಸೆಂಟಿಮೀಟರಿನಷ್ಟು ಬತ್ತಲು ಮಾಡಬೇಕು. ರವಿಕೆಗೆ ಅಳತೆ ತೆಗೆಯುವ ಟೇಪಿನಿಂದ ಅಳೆದೆ, ತರಕಾರಿ ಚೂರಿಯಿಂದ ಹೆರೆದೆ. ಒಂದು ಕಡೆ ಜಾಳಿಗೆಯ ಒಂದು ಕೂದಲೆಳೆ ತಾಮ್ರಕ್ಕೆ ತಾಗಿಕೊಂಡಿತ್ತು, ಹುಬ್ಬು ತಿದ್ದುವ ಚಿಮಟಿಗೆಯಿಂದ ಕಿತ್ತೆ. ನೀರಿಗಿಳಿಯುವ ತುದಿಗೆ ಮೇಣದ ಬತ್ತಿ ಹಚ್ಚಿ ಹನಿ ಹನಿ ಸುರಿದು ಮುಚ್ಚಿದೆ. ಆ ತುದಿಯನ್ನು ಸೈಕಲ್ ಟ್ಯೂಬಿನ ಪಟ್ಟಿಯಿಂದ ಕ್ಯಾಮೆರಾದ ಪೆಟ್ಟಿಗೆಗೆ ಅಂಟಿಸಿ ಬಿಗಿದೆ. ಇನ್ನೊಂದು ತುದಿ ನನ್ನ ಮೊಬೈಲಿನ ಬೆನ್ನಿಗೆ. ಕ್ಯಾಮೆರಾದ ವೈಫೈಯನ್ನು ಐದು ಗಿಗಾಹರ್ಟ್ಸ್‌ನಿಂದ ಎರಡು ಪಾಯಿಂಟ್ ನಾಲ್ಕರ ಬ್ಯಾಂಡಿಗೆ ಇಳಿಸಲು ಹೇಳಿದ, ಇಳಿಸಿದೆ.

ದನಗಳ ನೀರಿನ ತೊಟ್ಟಿಯಲ್ಲಿ ಅದ್ದಿ ನೋಡಿದೆವು. ಚಿತ್ರ ನಿಲ್ಲಲಿಲ್ಲ. ತೊಟ್ಟಿಯ ತಳದಲ್ಲಿ ಹೋದ ವರ್ಷ ಕಳೆದುಹೋಗಿದ್ದ ನನ್ನ ಸ್ಟೀಲ್ ಚಮಚ ಫಳಫಳ ಹೊಳೆಯಿತು, ನೀರಿಗೆ ಬಾಯಿಟ್ಟ ಎಮ್ಮೆಯ ಮೂತಿಯೂ ಪರದೆಗೆ ಬಂತು. ನಮ್ಮ ಮನೆಯವರು ಬಾಯಿ ತೆರೆದು ನಿಂತವರು ಆಮೇಲೆ, “ಟೀವಿ ವೈರ್‌ನ್ಯಾಗ ಎಮ್ಮಿ ಮುಸುಡಿ ಬಂತಲ್ಲ, ಇದಕ್ಕೂ ತಿಂಗಳಾ ರಿಚಾರ್ಜ್ ಮಾಡಬೇಕೇನ?” ಎಂದರು.

ಬುಧವಾರ ಹತ್ತು ಗಂಟೆಗೆ ಚಾಚಾ, ಚಾಚಿ ಬಂದರು. ಚಾಚಾ ಕ್ಯಾಮೆರಾವನ್ನು ಅಂಗೈ ಮೇಲಿಟ್ಟು ತೂಗಿ ನೋಡಿದರು.

“ಸಾವ್ಕಾರ್ರ, ಇದು ಮುಳುಗತೈತಿ ಅಂದ್ರ ನನ್ನ ಕೆಲಸ ಹೋತು ಬಿಡ್ರಿ. ಇನ್ನಮ್ಯಾಲ ಡಬ್ಬಿಗೇ ಚಾ ಕುಡಸ್ರಿ.”

“ಡಬ್ಬಿ ನಿಮ್ಮಂಗ ಎರಡೆರಡ ಕಪ್ ಕೇಳಂಗಿಲ್ಲ ಚಾಚಾ,” ಎಂದರು ಇವರು.

ನಗುತ್ತಲೇ ಚಹಾ ಆಯಿತು. ಚಾಚಿ ಅಷ್ಟು ಹೊತ್ತಿಗಾಗಲೇ ಹಗ್ಗದ ಸುರುಳಿಯನ್ನು ಎಡಗೈಗೆ ಏರಿಸಿದ್ದರು, ಕಪ್ಪನ್ನು ಬಲಗೈಯಲ್ಲೇ ಹಿಡಿದು ಕುಡಿದರು. ಬಿಸ್ಕೀಟು ಕೊಟ್ಟಾಗ ಕಪ್ಪನ್ನು ಕೆಳಗಿಟ್ಟು ತೆಗೆದುಕೊಂಡರು, ಹಗ್ಗವನ್ನು ಇಡಲಿಲ್ಲ.

ಬಾವಿಗೆ ಯಾರಾದರೂ ಇಳಿಯುವ ಮುಂಚೆ ಅತ್ತೆ ಗಂಗವ್ವನಿಗೆ ಪೂಜೆ ಮಾಡುತ್ತಾರೆ. ಕಾಯಿ ಒಡೆದು, ಅರಿಷಿಣ ಕುಂಕುಮ ಏರಿಸಿ, ಅಕ್ಷತೆ ಹಾಕಿದರು. ಚಾಚಾ ಪಕ್ಕದಲ್ಲಿ ಟೊಪ್ಪಿಗೆ ಸರಿಮಾಡಿಕೊಂಡು ಕೈಕಟ್ಟಿ ನಿಂತಿದ್ದರು. ಅವರ ಗುಂಡುಕಲ್ಲಿಗೂ ಅತ್ತೆ ಕುಂಕುಮ ಹಚ್ಚಿದರು. ನಾನು ಮೊಬೈಲಿಗೆ ವೈರು ಸುತ್ತುವುದರಲ್ಲಿ ಮುಳುಗಿದ್ದೆ.

ಕ್ಯಾಮೆರಾ ಇಳಿಯಿತು. ಪರದೆ ತುಂಬ ಕೆಂಪು. ದಟ್ಟ, ಒದ್ದೆ ಕೆಂಪು.

“ಯಾ ಅಲ್ಲಾ, ರಗತ!” ಎಂದರು ಚಾಚಿ, ನನ್ನ ಭುಜದ ಮೇಲಿಂದ.

ಬಾವಿಯೊಳಗೆ ಏನು ಸತ್ತಿದೆ, ಯಾರು ಸತ್ತಿದ್ದಾರೆ ಎಂದು ನನಗೂ ಏನೇನೋ ಹೊಳೆದುಹೋಯಿತು. ಮೇಲೆ ಎಳೆದಾಗ ಪೆಟ್ಟಿಗೆಯ ಕಣ್ಣಿನ ಗಾಜಿನ ಮೇಲೆ, ಸರಿಯಾಗಿ ನಡುಮಧ್ಯೆ, ರೂಪಾಯಿಯಗಲದ ಕುಂಕುಮ.

“ಹೊಸಾ ಸಾಮಾನ ನೀರಿಗೆ ಇಳಿಯಾಕತ್ತೇತಿ, ಬರೀ ಹಣಿ ಇರಬಾರದಂತ ಹಚ್ಚಿದ್ಯಾ,” ಎಂದರು ಅತ್ತೆ. “ಅದರ ಹಣಿ ಯಾವುದು, ಕಣ್ಣ ಯಾವುದು ನನಗೇನ ಗೊತ್ತು?”

ಎಲ್ಲರೂ ನಕ್ಕರು. ಸೋಪು ಹಾಕಿ ತೊಳೆದು ಮತ್ತೆ ಇಳಿಸಿದೆವು. ಈಗ ಚಿತ್ರ ಸ್ವಚ್ಛ. ಹಸಿರು ನೀರು, ಬಿಸಿಲಿನ ಕೋಲುಗಳು, ಬೆರಳುದ್ದದ ಮೀನುಗಳು. ಹನ್ನೆರಡು ಅಡಿಯಷ್ಟು ಹೋಗಿರಬೇಕು, ಪರದೆಯ ಕೆಳಅಂಚಿನಲ್ಲಿ ಒಂದು ಗೆರೆ ಕಂಡಿತು. ಗೆರೆ ಅಲುಗುತ್ತಿತ್ತು. ಪೆಟ್ಟಿಗೆಯೊಳಗೇ ನೀರು! ಎಳೆದು ತೆಗೆದು, ಬಿಚ್ಚಿ ನೋಡಿದರೆ ಪೆಟ್ಟಿಗೆಯ ಮುಚ್ಚಳದ ರಬ್ಬರಿನ ಸುತ್ತಿನಲ್ಲಿ ಒಂದೇ ಒಂದು ಅಕ್ಕಿಕಾಳು, ಅರಿಷಿಣದ್ದು, ಅಡ್ಡ ಸಿಕ್ಕಿಕೊಂಡಿತ್ತು. ಕ್ಯಾಮೆರಾಕ್ಕೂ ಅಕ್ಷತೆ ಬಿದ್ದಿತ್ತು. ಆಗ ಮುಚ್ಚಳ ತೆರೆದಿತ್ತು, ನಾನು ನೋಡದೆ ಮುಚ್ಚಿದ್ದೆ.

ಅತ್ತೆಯ ಮುಖ ಬಾಡಿತು. ತಪ್ಪು ನನ್ನದೇ ಎಂದೆ. ಚಮಚದಷ್ಟು ನೀರು, ಕ್ಯಾಮೆರಾದ ಬುಡಕ್ಕಷ್ಟೇ ತಾಗಿತ್ತು. ಬ್ಯಾಟರಿ ತೆಗೆದು, ಹಳೆಯ ಮೆತ್ತನೆಯ ಸೀರೆಯ ತುಂಡಿನಿಂದ ಒರೆಸಿ ನೆರಳಲ್ಲಿ ಗಾಳಿಗಿಟ್ಟೆ.

“ಒದ್ದಿಯಾದ ಮೊಬೈಲ್ ಅಕ್ಕಿ ಡಬ್ಬ್ಯಾಗ ಇಡ್ತಾರಂತಲ್ಲ?” ಎಂದರು ಇವರು.

“ಬ್ಯಾಡಪಾ ಮಾರಾಯಾ,” ಎಂದರು ಅತ್ತೆ, “ಇವತ್ತ ಅಕ್ಕಿ ಸವಾಸ ಸಾಕು.”

ಒಂದು ತಾಸು ಹೋಯಿತು. ಹೊತ್ತು ನೆತ್ತಿಗೆ ಬರತೊಡಗಿತು. ಚಾಚಾ ಎರಡು ಸಲ ಮೇಲೆ ನೋಡಿದರು. ಬಿಸಿಲು ನೇರ ಬಾವಿಯೊಳಗೆ ಬೀಳುವುದು ಸ್ವಲ್ಪ ಹೊತ್ತು ಮಾತ್ರ. ಆ ಬೆಳಕಿನಲ್ಲೇ ಅವರ ಕೆಲಸ ಆಗಬೇಕು. ಎದ್ದು ಅಂಗಿ ಬಿಚ್ಚಿದರು, ಸೊಂಟಕ್ಕೆ ಹಗ್ಗ ಸುತ್ತಿದರು.

“ಸಾಕ ತಂಗಿ, ನಿಮ್ಮ ಡಬ್ಬಿ ಒಣಗಲಿ. ನನ್ನ ಕೈಗೆ ಬಾವಿ ಗೊತ್ತೈತಿ. ಪಾವಟಿಗಿ ಹಿಡಕೊಂಡ ಇಳಿತೇನಿ, ಮೋಟರ್ ಆ ಕಡೀನ ಬಿದ್ದಿರತೈತಿ.”

ಪಾವಟಿಗೆ ಎಂದರೆ ಬಾವಿಯ ಒಳಗೋಡೆಯಲ್ಲಿ ಚಾಚಿದ ಕಲ್ಲಿನ ಮೆಟ್ಟಿಲು. ನಮ್ಮ ಬಾವಿ ಅರ್ಧ ಬಂಡೆ, ಇನ್ನರ್ಧ ಕಲ್ಲಿನಿಂದ ಕಟ್ಟಿದ ಗೋಡೆ. ಮೆಟ್ಟಿಲುಗಳು ಗೋಡೆಯ ಕಡೆಗೆ.

“ಚಾಚಾ, ಇನ್ನೊಂದ ಸಲ. ಹತ್ತ ನಿಮಿಷ,” ಎಂದೆ.

“ಬೆಳಗಿಂದ ನಿನ್ನ ಸಿನಿಮಾ ಮುಗಿವಲ್ದು,” ಎಂದರು ಇವರು. “ಅವರ ಹೊತ್ತ ಹಾಳ ಮಾಡಬ್ಯಾಡ.”

ಸಾಮಾನ್ಯವಾಗಿ ಇಂಥ ಮಾತಿಗೆ ನಾನು ಒಳಗೆ ಹೋಗಿ ಪಾತ್ರೆ ತಿಕ್ಕುವವಳು. ಅವತ್ತು ಕಾಲು ಏಳಲಿಲ್ಲ. ಬಿಳಿ ಕಲ್ಲಿನ ಮೇಲಿನ ಮೂರು ಹನಿ ಕಣ್ಣ ಮುಂದಿತ್ತು. “ಹತ್ತ ನಿಮಿಷ ಅಂದ್ರ ಹತ್ತ ನಿಮಿಷ ರೀ. ಗಡಿಯಾರ ನೋಡ್ರಿ,” ಎಂದು ಬ್ಯಾಟರಿ ಹಾಕಿದೆ. ನೀಲಿ ದೀಪ ಮಿಣುಕಿತು. ಪಾಸ್‌ವರ್ಡ್ ಈಗ ಬೆರಳಿಗೇ ಬರುತ್ತಿತ್ತು. ರಬ್ಬರಿನ ಸುತ್ತಿನ ಮೇಲೆ ಉಗುರು ಆಡಿಸಿ ನೋಡಿ ಮುಚ್ಚಳ ಒತ್ತಿದೆ.

ಅತ್ತೆ ಒಳಗಿನಿಂದ ಗೋಡೆಯ ಕನ್ನಡಿ ಕಳಚಿ ತಂದರು. ಬಾವಿಗೆ ಕೊಡ ಬಿದ್ದಾಗ ನಮ್ಮ ಕಡೆ ಹಾಗೆಯೇ ಕನ್ನಡಿಯಿಂದ ಬಿಸಿಲನ್ನು ಒಳಗೆ ಬಿಟ್ಟು ಹುಡುಕುತ್ತಾರೆ. ಅವರು ಬಂಡೆಯ ಕಡೆ ಕೂತು ಕನ್ನಡಿ ಓರೆ ಮಾಡಿದರು. ನೀರಿನೊಳಗೆ ಒಂದು ಬೆಳಕಿನ ಹಾದಿ ಬಿತ್ತು. ಇವರು ಹಗ್ಗ ಬಿಟ್ಟರು, ನಾನು ಹಿಂದೆಯೇ ವೈರು ಬಿಟ್ಟೆ.

ಹದಿನೈದು ಅಡಿ. ಮೆಟ್ಟಿಲುಗಳು ಒಂದರ ಕೆಳಗೊಂದು ಸರಿದು ಹೋದವು. ಕೊನೆಯ ಮೆಟ್ಟಿಲು ಬಂತು. ಅದರ ಕೆಳಗೆ ಗೋಡೆ ಇರಬೇಕಿತ್ತು.

ಗೋಡೆ ಇರಲಿಲ್ಲ.

ನಾಲ್ಕೈದು ಸಾಲು ಕಲ್ಲು ಉದುರಿಹೋಗಿ, ಹಿಂದೆ ಒಂದು ಕೋಣೆಯಷ್ಟು ಕತ್ತಲೆ. ಮೇಲಿನ ಗೋಡೆಯೆಲ್ಲ ಆ ಕತ್ತಲೆಯ ಮೇಲೆ ಕೂತಿತ್ತು. ಕತ್ತಲೆಯ ಅಂಚಿನಿಂದ ಗರಸು ಮಣ್ಣು ಜರಡಿಯಿಂದ ಹಿಟ್ಟು ಬಿದ್ದ ಹಾಗೆ ಸಣ್ಣಗೆ, ಬಿಡದೆ ಇಳಿಯುತ್ತಿತ್ತು. ಬಾಗಿಲ ಹೊಸ್ತಿಲಿನಷ್ಟು ಉದ್ದದ ಒಂದು ಕಲ್ಲು ಅಡ್ಡ ಜಾರಿ ನಿಂತಿತ್ತು. ಅದರ ಕೆಳಗೆ, ಅದಕ್ಕೆ ತಲೆ ಕೊಟ್ಟ ಹಾಗೆ, ಓರೆಯಾಗಿ ನಮ್ಮ ಮೋಟರ್. ಮೋಟರಿನ ನೀಲಿ ಬಣ್ಣ ಕೂಡ ಕಾಣುತ್ತಿತ್ತು.

ಮೂವತ್ತು ವರ್ಷ ಆ ಗೋಡೆಯ ಮೆಟ್ಟಿಲುಗಳ ಮೇಲೆ ನಿಂತು ನಾವು ನೀರು ತುಂಬಿದ್ದೇವೆ, ಮಕ್ಕಳು ಅಲ್ಲಿಂದಲೇ ಜಿಗಿದು ಈಜು ಕಲಿತಿದ್ದಾರೆ.

ಇವರು ಮೊಬೈಲು ಇಸಿದುಕೊಂಡು ನೋಡಿದರು. ಬಿಸಿಲಿಗೆ ಪರದೆ ಮಂಕಾಗಿತ್ತು. “ನೆಳ್ಳ ಇರಬೇಕಲೇ. ಪಾಚಿ,” ಎಂದರು. ಚಾಚಾ ಕಣ್ಣು ಕಿರಿದು ಮಾಡಿ ನೋಡಿದರು. “ನನಗೇನೂ ಕಾಣವಲ್ದು. ಕನ್ನಡಿ ನೋಡಿದಂಗ ಆಗಾಕತ್ತೈತಿ, ನನ್ನ ಮುಖಾನ ಕಾಣತೈತಿ.” ಗುಂಡುಕಲ್ಲನ್ನು ಕೈಗೆ ತೆಗೆದುಕೊಂಡೇಬಿಟ್ಟರು.

ನಾನು ತಲೆಯ ಮೇಲೆ ಸೆರಗು ಎಳೆದು ಮೊಬೈಲನ್ನು ನೆರಳಿಗೆ ಮಾಡಿಕೊಂಡೆ. “ಚಾಚಿ, ನೀವ ಬರ್ರಿ ಇಲ್ಲಿ,” ಎಂದೆ. ಚಾಚಿ ನನ್ನ ಸೆರಗಿನೊಳಗೆ ತಲೆ ತೂರಿಸಿದರು. ಅವರ ಬಾಯಿಂದ ಏಲಕ್ಕಿ ಚಹಾದ ವಾಸನೆ, ಕಿವಿಯ ಹತ್ತಿರ ಬೆವರು. ಇಬ್ಬರೂ ಪರದೆ ನೋಡಿದೆವು. ಆ ಮಣ್ಣು ಇಳಿಯುತ್ತಲೇ ಇತ್ತು.

“ಇದು ಅವರು ಕಾಲಿಡೂ ಕಲ್ಲಲ್ಲ?” ಎಂದು ಪಿಸುಗುಟ್ಟಿದರು.

“ಹೌದ್ರಿ.”

“ಅದರ ಬುಡಕ ಏನೂ ಇಲ್ಲಲ್ಲ?”

“ಇಲ್ರಿ.”

ಚಾಚಿ ಸೆರಗಿನಿಂದ ಹೊರಗೆ ಬಂದರು. ಎಡಗೈಯಿಂದ ಹಗ್ಗದ ಸುರುಳಿ ಕಳಚಿ, ಮಗುವನ್ನು ಮಲಗಿಸುವಷ್ಟು ನಿಧಾನವಾಗಿ ನೆಲದ ಮೇಲಿಟ್ಟರು.

ಚಾಚಾನ ಮುಖದ ಬಣ್ಣ ಹೋಯಿತು. ಕಪಾಳಕ್ಕೆ ಹೊಡೆಸಿಕೊಂಡವರ ಹಾಗೆ ನಿಂತರು.

“ಏ! ಹಗ್ಗ ತಗೊ!”

ಚಾಚಿ ತೆಗೆದುಕೊಳ್ಳಲಿಲ್ಲ.

“ಮಂದಿ ಮುಂದ ಮರ್ಯಾದಿ ಕಳೀತಿಯೇನ? ತಗೊ ಅಂದೆ!”

“ನಾ ಇಟ್ಟೇನಿ,” ಎಂದರು ಚಾಚಿ. “ಇಟ್ಟಮ್ಯಾಲ ಇಟ್ಟಂಗ.”

ನಮ್ಮವರು ಹಗ್ಗ ಎತ್ತಲು ಬಗ್ಗಿದರು. “ನಾ ಹಿಡಿತೇನಿ ಬಿಡ್ರಿ.”

“ಮುಟ್ಟಬ್ಯಾಡ್ರಿ ಸಾವ್ಕಾರ್ರ!” ಚಾಚಾ ಅವರ ಮೇಲೆಯೇ ಸಿಟ್ಟಿಗೆದ್ದರು. ಆಮೇಲೆ ದನಿ ಇಳಿಸಿದರು. “ನಮ್ಮಲ್ಲಿ ಹಂಗಿಲ್ರಿ. ಹಗ್ಗ ಹಿಡದವರು ಹಗ್ಗ ನೆಲಕ್ಕ ಇಟ್ರ, ಆ ಬಾವಿಗೆ ಇಳಿಯೂ ಹಂಗಿಲ್ಲ. ನಮ್ಮಪ್ಪಗ ನಮ್ಮವ್ವ ಹಿಡೀತಿದ್ದಳು. ಆಕಿ ಒಮ್ಮಿನೂ ಇಟ್ಟಿಲ್ಲ. ಈಕಿನೂ ಇಟ್ಟಿರಲಿಲ್ಲ.” ಗುಂಡುಕಲ್ಲನ್ನು ಕೆಳಗಿಟ್ಟು ಕೂತರು. ಬತ್ತಲ ಬೆನ್ನಿನ ಮೇಲೆ ಬಿಸಿಲು ಬೀಳುತ್ತಿತ್ತು. ನಾನು ಅಂಗಿ ತಂದು ಪಕ್ಕದಲ್ಲಿಟ್ಟೆ. ಇಷ್ಟೆಲ್ಲ ನನ್ನ ಒಂದು ಮೊಬೈಲಿನಿಂದ ಆಯಿತಲ್ಲ ಎನಿಸಿತು.

ಸ್ವಲ್ಪ ಹೊತ್ತಿಗೆ ಅವರೇ ತಲೆ ಎತ್ತಿದರು. “ತಂಗಿ, ಆ ಡಬ್ಬಿ ಇನ್ನೂ ತೋರಸಾಕತ್ತೈತೇನ? ಪಾತಾಳಗರಡಿ ತರ್ರಿ.”

ಪಾತಾಳಗರಡಿ ನಮ್ಮ ಹಿತ್ತಲಿನಲ್ಲಿ ತುಕ್ಕು ಹಿಡಿದು ನೇತಾಡುತ್ತಿತ್ತು. ಬಾವಿಗೆ ಬಿದ್ದ ಕೊಡ ಎತ್ತುವ, ಸುತ್ತಲೂ ಕೊಕ್ಕೆಗಳಿರುವ ಕಬ್ಬಿಣದ ಗೊಂಚಲು. ಅದಕ್ಕೆ ದಪ್ಪ ಹಗ್ಗ ಕಟ್ಟಿದರು. ಇಳಿಯದೆ ಮೇಲಿನಿಂದಲೇ ಮೋಟರಿಗೆ ಕೊಕ್ಕೆ ಹಾಕುವುದು ಎಂದಾಯಿತು. ಚಾಚಾ ಮೊದಲು ಎಲ್ಲರನ್ನೂ ಗೋಡೆಯ ಕಡೆಯಿಂದ ಎಬ್ಬಿಸಿ ಬಂಡೆಯ ಕಡೆಗೆ ಕಳಿಸಿದರು. “ಆ ಕಲ್ಲ ಮೋಟರ್ ಮ್ಯಾಲ ಕುಂತೈತೋ, ಗ್ವಾಡಿ ಮ್ಯಾಲ ಕುಂತೈತೋ ಯಾರಿಗೆ ಗೊತ್ತು? ಸಾವ್ಕಾರ್ರ, ಹಗ್ಗ ಕೈಗೆ ಸುತ್ತಬ್ಯಾಡ್ರಿ. ಬರೀ ಹಿಡೀರಿ.”

ನಾನು ಬಂಡೆಯಿಂದಲೂ ಹತ್ತು ಹೆಜ್ಜೆ ಹಿಂದೆ, ಒಂದು ನಿಂಬೆ ಗಿಡದ ಬುಡಕ್ಕೆ ಸೆರಗು ಮುಸುಕು ಹಾಕಿಕೊಂಡು ಕೂತೆ. ವೈರು ಅಲ್ಲಿಯವರೆಗೆ ಎಟಕಿತು, ಕ್ಯಾಮೆರಾದ ಹಗ್ಗವನ್ನು ಪಕ್ಕದ ಗಿಡಕ್ಕೆ ಕಟ್ಟಿದ್ದರು. ಪರದೆ ನೋಡಿ ಕೂಗುವುದು ನನ್ನ ಕೆಲಸ. “ಎಡಕ್ಕ ಚಾಚಾ. ಇನ್ನೂ. ಸಾಕು. ಒಂದ ಗೇಣ ಕೆಳಗ.” ಎರಡು ಸಲ ಕೊಕ್ಕೆ ತಪ್ಪಿತು. ನಾನು ಸರಿಯಾಗಿಯೇ ಹೇಳುತ್ತಿದ್ದೆ, ಆದರೂ ತಪ್ಪುತ್ತಿತ್ತು. ಮೂರನೆಯ ಸಲ ಕಾರಣ ತಿಳಿಯಿತು. ಚಿತ್ರ ವೈರಿನಲ್ಲಿ ಹತ್ತಿ ಬರುವಷ್ಟರಲ್ಲಿ ಒಂದು ಉಸಿರಿನಷ್ಟು ತಡ. ನಾನು ನೋಡುತ್ತಿದ್ದದ್ದು ಆಗಿಹೋದದ್ದು. “ಚಾಚಾ, ಒಂದ ಹೆಜ್ಜಿ ಸರಸ್ರಿ, ಸುಮ್ಮ ನಿಂದರ್ರಿ, ನಾ ಹೇಳೂತನಾ ಅಲಗಬ್ಯಾಡ್ರಿ.” ಅವರು ಹಾಗೆಯೇ ಮಾಡಿದರು. ಸರಿಸಿ, ನಿಂತು. ಸರಿಸಿ, ನಿಂತು. ಏಳನೆಯ ಸಲಕ್ಕೆ ಒಂದು ಕೊಕ್ಕೆ ಮೋಟರಿನ ಕುತ್ತಿಗೆಯ ಕಡಗಕ್ಕೆ ಸಿಕ್ಕಿತು.

“ಬಿತ್ತು!” ಎಂದು ಚೀರಿದೆ.

ಚಾಚಾ ಮತ್ತು ಇವರು ಮೆಲ್ಲಗೆ ಜಗ್ಗಿದರು. ಮೋಟರ್ ಒಂದು ಮೊಳ ಅಲುಗಿತು. ಪರದೆಯಲ್ಲಿ ಆ ಉದ್ದನೆಯ ಕಲ್ಲು ತಲೆ ಬಾಗಿಸಿದ್ದು ನನಗೆ ಕಂಡಿತು. ನಾನು ಕೂಗಲು ಬಾಯಿ ತೆರೆಯುವುದಕ್ಕೂ ಮುಂಚೆಯೇ ಸದ್ದು ಬಂತು. ತಡವಾಗಿ ಬರುವುದು ಚಿತ್ರ, ಸದ್ದಿಗೆ ತಡವೇ ಇರಲಿಲ್ಲ.

ನೆಲ ನಡುಗಿತು. ಸಿಡಿಲು ಭೂಮಿಯೊಳಗೆ ಉರುಳಿದ ಹಾಗೆ. “ಬಿಡ್ರಿ ಹಗ್ಗ! ಬಿಡ್ರಿ!” ಎಂದು ಚಾಚಾ ಕಿರುಚಿದರು. ಹಗ್ಗ ಇವರ ಅಂಗೈ ಸುಟ್ಟುಕೊಂಡು ಹೋಯಿತು. ಬಾವಿಯ ನೀರು ಎದ್ದು ದಂಡೆಗೆ ಅಪ್ಪಳಿಸಿತು, ಅತ್ತೆಯ ಕೈಯಿಂದ ಕನ್ನಡಿ ಜಾರಿ ಚೂರಾಯಿತು. ನೋಡುನೋಡುತ್ತಿದ್ದಂತೆ ಮೆಟ್ಟಿಲುಗಳು ಗೋಡೆಯ ಸಮೇತ ಒಂದೊಂದಾಗಿ ಒಳಗೆ ಹೋದವು. ಕೊನೆಗೆ ಚಾಚಾ ಬೆಳಿಗ್ಗೆ ಚಪ್ಪಲಿ ಬಿಟ್ಟಿದ್ದ ಜಾಗವೂ ಚಪ್ಪಲಿಯ ಸಮೇತ ಹೋಯಿತು. ಆಮೇಲೆ ಧೂಳು. ಆಮೇಲೆ ಎಷ್ಟೋ ಹೊತ್ತು ನೀರು ಕುದಿಯುವ ಹಾಗೆ ಗುಳುಗುಳು.

ಅತ್ತೆ ಕನ್ನಡಿ ಚೂರು ಆರಿಸತೊಡಗಿದರು, ಈಗ ಅದೇ ದೊಡ್ಡ ಕೆಲಸವೆಂಬಂತೆ. ಇವರು ಅಂಗೈ ನೋಡಿಕೊಳ್ಳುತ್ತ, “ಮೋಟರ್ ಹೋತು,” ಎಂದರು. ಸ್ವಲ್ಪ ತಡೆದು, “ಹೋಗಲಿ,” ಎಂದರು.

ನಾನು ಮೊಬೈಲು ಬಂದ್ ಮಾಡಲು ತೆಗೆದೆ. ಕ್ಯಾಮೆರಾ ಹೋಯಿತು, ತಮ್ಮನಿಗೆ ಏನು ಹೇಳಲಿ ಎಂದುಕೊಳ್ಳುತ್ತಲೇ ನೋಡಿದೆ. ಮೇಲಿನ ಮೂಲೆಯಲ್ಲಿ ವೈಫೈಯ ಗುರುತು ಹಾಗೆಯೇ ಇತ್ತು. ವೈರು ನನ್ನ ಕೈಯಿಂದ ಹೊರಟು, ಬಂಡೆಯ ಅಂಚು ದಾಟಿ, ಆ ಕಲ್ಲುಮಣ್ಣಿನ ರಾಶಿಯೊಳಗೆ ಇಳಿದಿತ್ತು. ತುಂಡಾಗಿರಲಿಲ್ಲ. ಪರದೆ ಕಪ್ಪಾಗಿರಲಿಲ್ಲ, ಕಂದು ಬಣ್ಣವಿತ್ತು. ಆ ಕಂದು ಮೆಲ್ಲಗೆ ಅಲುಗುತ್ತಿತ್ತು.

“ರೀ,” ಎಂದೆ. “ಅದು ಇನ್ನೂ ನೋಡಾಕತ್ತೈತಿ.”

ಎಲ್ಲರೂ ಗಿಡದ ಬುಡಕ್ಕೆ ಬಂದರು. ಚಾಚಾ ಎರಡೂ ಕೈಯಿಂದ ಮೊಬೈಲನ್ನು ತೆಗೆದುಕೊ‍ಂಡು ನೆಲಕ್ಕೆ ಕೂತರು. ನಾನು ಸೆರಗನ್ನು ಅವರ ತಲೆಯ ಮೇಲೆ ನೆರಳಾಗುವಂತೆ ಹಿಡಿದೆ. ಕ್ಯಾಮೆರಾದ ಬ್ಯಾಟರಿ ನೂರರಲ್ಲಿ ಒಂಬತ್ತು ಉಳಿದಿತ್ತು. ಕೆಸರು ನಿಧಾನವಾಗಿ ತಳ ಸೇರುತ್ತ ಬಂತು. ಮೊದಲು ಒಂದು ಅಂಚು ಕಂಡಿತು, ಆಮೇಲೆ ಇನ್ನೊಂದು. ಕಲ್ಲಿನ ಮೇಲೆ ಕಲ್ಲು, ಅದರ ಮೇಲೆ ಕಲ್ಲು. ನಡುವೆ, ಎರಡು ಬೆರಳಿನಷ್ಟು ಸಂದಿಯಲ್ಲಿ, ಮೋಟರಿನ ನೀಲಿ. ಮೋಟರು ಹಪ್ಪಳದ ಹಾಗೆ ಚಪ್ಪಟೆಯಾಗಿತ್ತು.

“ಅದರ ಬಾಜೂಕ,” ಎಂದರು ಚಾಚಾ, ಯಾರಿಗೂ ಹೇಳದ ಹಾಗೆ. “ಅದರ ಬಾಜೂಕ ಮಂಡಿ ಊರಿ ಕುಂತು ಸರಪಳಿ ಕಟ್ಟತಿದ್ದೆ.”

ಒಂಬತ್ತು ಎಂಟಾಯಿತು, ಎಂಟು ಏಳಾಯಿತು. ಅವರು ಪರದೆಯಿಂದ ಕಣ್ಣು ತೆಗೆಯಲಿಲ್ಲ. ಅವರ ಕುತ್ತಿಗೆಯ ನರ ಉಬ್ಬಿದ್ದು ನನಗೆ ಹತ್ತಿರದಿಂದ ಕಾಣುತ್ತಿತ್ತು. ಕೆನ್ನೆ ಬಿಗಿದಿತ್ತು, ಎದೆ ಏರಿದ್ದು ಇಳಿದಿರಲಿಲ್ಲ, ಮೂಗಿನ ಹೊಳ್ಳೆ ಅಲುಗುತ್ತಿರಲಿಲ್ಲ. ಏನೋ ತಪ್ಪಾಗಿದೆ ಎನಿಸಿತು, ಏನೆಂದು ತಿಳಿಯಲಿಲ್ಲ.

ಚಾಚಿಗೆ ತಿಳಿಯಿತು. ಬಗ್ಗಿ, ಗಂಡನ ಬೆನ್ನಿನ ಮೇಲೆ ಅಂಗೈಯಿಂದ ಒಂದು ಏಟು ಕೊಟ್ಟರು.

“ಉಸರ ಬಿಡ್ರಿ,” ಎಂದರು. “ನೀವ ಮ್ಯಾಲ ಅದೀರಿ.”